ಅಲ್ಲಿ ತೆರಿಗೆ ಹಿಡಿದಿದ್ದಾರೆ, ಇಲ್ಲೂ ಕಟ್ಟಬೇಕಾ?

ಡಿಸೆಂಬರ್ ಬಂತು ಅಂದರೆ ವಿದೇಶದಿಂದ ವಾಪಸಾದವರ ಪತ್ರಗಳು ಜಾಸ್ತಿ ಬರುತ್ತವೆ. 2025ರ ಈ ಡಿಸೆಂಬರಿನಲ್ಲಿ ಮೂರು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದರಲ್ಲಿರುವ ಗೊಂದಲ ಬಹಳ ಮನೆಗಳಲ್ಲಿ ಇರುವಂಥದ್ದು, ಅದಕ್ಕೇ.

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 66 ವರ್ಷ. ಇಂಗ್ಲೆಂಡಿನ ಕಾವೆಂಟ್ರಿಯ ಒಂದು ಖಾಸಗಿ ಕಾರ್ಖಾನೆಯಲ್ಲಿ 31 ವರ್ಷ ಎಂಜಿನಿಯರ್ ಆಗಿದ್ದೆ. 2022ರ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಮೈಸೂರಿಗೆ ಬಂದು ನೆಲೆಸಿದೆವು. ಇಬ್ಬರಿಗೂ ಬ್ರಿಟಿಷ್ ಪಾಸ್‌ಪೋರ್ಟ್, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದೆ. ಕಂಪನಿಯಿಂದ ತಿಂಗಳಿಗೆ 700 ಪೌಂಡ್ ಪೆನ್ಷನ್ ಬರುತ್ತದೆ. 2025ರ ಫೆಬ್ರವರಿಯಲ್ಲಿ 66 ತುಂಬಿದ ಮೇಲೆ ಅಲ್ಲಿನ ಸ್ಟೇಟ್ ಪೆನ್ಷನ್ (ವಂತಿಗೆ ಕಟ್ಟಿದವರಿಗೆ ಸರ್ಕಾರ ಕೊಡುವ ವೃದ್ಧಾಪ್ಯ ಪೆನ್ಷನ್) ಶುರುವಾಯಿತು, ವಾರಕ್ಕೆ 195 ಪೌಂಡ್. ಎರಡೂ ಅಲ್ಲಿನ ಬ್ಯಾಂಕ್ ಖಾತೆಗೇ ಬೀಳುತ್ತವೆ. ಬೇಕಾದಾಗ ಇಲ್ಲಿಗೆ ತರಿಸಿಕೊಳ್ಳುತ್ತೇವೆ. ಏಪ್ರಿಲ್‌ನಿಂದ ಕಂಪನಿ ಪೆನ್ಷನ್‌ನಲ್ಲಿ ತಿಂಗಳಿಗೆ 99 ಪೌಂಡ್ ತೆರಿಗೆ ಮುರಿದುಕೊಳ್ಳುತ್ತಿದ್ದಾರೆ. ವಾಕಿಂಗ್ ಗೆಳೆಯರು 'ಅಲ್ಲಿ ಹಿಡಿದಿದ್ದಾರಲ್ಲ, ಇಲ್ಲಿ ಹೇಳೋದೇ ಬೇಡ' ಅನ್ನುತ್ತಾರೆ. ಇಲ್ಲಿಯ ರಿಟರ್ನ್ಸ್‌ನಲ್ಲಿ ನಾವು ಇದನ್ನು ಯಾವತ್ತೂ ತೋರಿಸಿಲ್ಲ. ತಪ್ಪು ಮಾಡಿದ್ದೇವಾ? ಸ್ಟೇಟ್ ಪೆನ್ಷನ್ನನ್ನು ನೇರವಾಗಿ ಮೈಸೂರಿನ ಬ್ಯಾಂಕಿಗೆ ಹಾಕಿಸಿಕೊಳ್ಳಬಹುದಾ?
– ಹೆಸರು ಬೇಡ, ಕುವೆಂಪುನಗರ, ಮೈಸೂರು

ಉತ್ತರ: ಸರ್, ಮೊದಲು ಸಮಾಧಾನದ ಮಾತು. ಇಲ್ಲಿಯವರೆಗೆ ನೀವು ತಪ್ಪು ಮಾಡಿಲ್ಲ. ಆದರೆ 2025-26ನೇ ಸಾಲಿನಿಂದ ಸುಮ್ಮನಿದ್ದರೆ ತಪ್ಪಾಗುತ್ತದೆ. ನೀವು ಸರಿಯಾದ ಹೊತ್ತಿಗೇ ಕೇಳಿದ್ದೀರಿ.

ವಿದೇಶದಲ್ಲಿ ಬಹಳ ವರ್ಷ ಇದ್ದು ಬಂದವರಿಗೆ ನಮ್ಮ ಕಾನೂನು ಸುಧಾರಿಸಿಕೊಳ್ಳಲು ಸ್ವಲ್ಪ ಕಾಲ ಕೊಡುತ್ತದೆ. ಅದನ್ನು ಆಡಿಟರುಗಳು ಆರ್‌ಎನ್‌ಒಆರ್ ಅನ್ನುತ್ತಾರೆ. ನಿವಾಸಿ ಹೌದು, ಆದರೆ ಇನ್ನೂ ಪೂರ್ತಿ ನಿವಾಸಿ ಅಲ್ಲ ಅಂತ ಅರ್ಥ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಇಲ್ಲಿ ಇರದಿದ್ದರೆ ಈ ಅನುಕೂಲ ಸಿಗುತ್ತದೆ. ಆ ಕಾಲದಲ್ಲಿ ಹೊರದೇಶದ ಪೆನ್ಷನ್ ಹೊರದೇಶದ ಖಾತೆಗೇ ಬಿದ್ದರೆ ಇಲ್ಲಿ ಅದಕ್ಕೆ ತೆರಿಗೆ ಇಲ್ಲ.

ನಿಮ್ಮ ಲೆಕ್ಕ ಹಾಕಿ ನೋಡಿದೆ. ನೀವು ಬಂದ 2022-23ರಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಇದ್ದದ್ದು 5 ತಿಂಗಳು, ಅಂದರೆ 182 ದಿನ ಆಗಲಿಲ್ಲ. ಅದರ ಹಿಂದಿನ 4 ವರ್ಷಗಳಲ್ಲಿ ರಜೆಗೆ ಬಂದ ದಿನಗಳೆಲ್ಲ ಸೇರಿ 365 ಮುಟ್ಟಿರದಿದ್ದರೆ ಆ ವರ್ಷ ನೀವು ಅನಿವಾಸಿ. ಪಾಸ್‌ಪೋರ್ಟಿನ ಸೀಲುಗಳನ್ನು ಒಮ್ಮೆ ಎಣಿಸಿ ಖಚಿತ ಮಾಡಿಕೊಳ್ಳಿ. 2023-24, 2024-25 ಎರಡೂ ವರ್ಷ ಆರ್‌ಎನ್‌ಒಆರ್. 2025-26ಕ್ಕೆ ಬಂದಾಗ ಹಿಂದಿನ 10ರಲ್ಲಿ ಅನಿವಾಸಿ ವರ್ಷ 8 ಮಾತ್ರ ಉಳಿಯುತ್ತದೆ. ಇಲ್ಲಿ ಇದ್ದ ದಿನಗಳೂ 729 ದಾಟಿವೆ. ಹಾಗಾಗಿ ಈ ಸಾಲಿನಿಂದ ನೀವು ಪೂರ್ತಿ ನಿವಾಸಿ. ಜಗತ್ತಿನಲ್ಲಿ ಎಲ್ಲಿ ಏನು ಬಂದರೂ ಇಲ್ಲಿ ಹೇಳಬೇಕು. ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಇದರಲ್ಲಿ ಬರುವುದಿಲ್ಲ.

ಇನ್ನು 'ಅಲ್ಲಿ ಹಿಡಿದಿದ್ದಾರಲ್ಲ' ಎಂಬ ಮಾತು. ನನ್ನ 28 ವರ್ಷದ ಕೆಲಸದಲ್ಲಿ ಹಿರಿಯರಿಗೆ ಅತಿ ಹೆಚ್ಚು ನಷ್ಟ ಮಾಡಿದ ಮಾತು ಇದು. ಎಲ್ಲಿ ಹಿಡಿದರು ಎಂದು ಕೇಳಿದರೆ ಸಾಲದು, ಎಲ್ಲಿ ಹಿಡಿಯಬೇಕಿತ್ತು ಎಂದು ಕೇಳಬೇಕು. ಭಾರತಕ್ಕೂ ಬ್ರಿಟನ್ನಿಗೂ 1993ರಲ್ಲಿ ತೆರಿಗೆ ಒಪ್ಪಂದ ಆಗಿದೆ. ಅದರ 20ನೇ ವಿಧಿಯ ಪ್ರಕಾರ ಖಾಸಗಿ ನೌಕರಿಯ ಪೆನ್ಷನ್‌ಗೆ ತೆರಿಗೆ ಹಾಕುವ ಹಕ್ಕು ಪೆನ್ಷನ್‌ದಾರರು ವಾಸವಿರುವ ದೇಶಕ್ಕೆ ಮಾತ್ರ. ಅಂದರೆ ನಿಮ್ಮ ಕಂಪನಿ ಪೆನ್ಷನ್‌ಗೆ ತೆರಿಗೆ ಭಾರತದಲ್ಲಿ ಮಾತ್ರ. ಆ 99 ಪೌಂಡ್ ಅಲ್ಲಿ ಮುರಿಯಬೇಕಾದ್ದೇ ಅಲ್ಲ. (ಬ್ರಿಟನ್ ಸರ್ಕಾರದ ನೌಕರಿಯ ಪೆನ್ಷನ್ ಆಗಿದ್ದರೆ ಲೆಕ್ಕವೇ ಬೇರೆ. ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ಅದರ ತೆರಿಗೆ ಅಲ್ಲೇ.)

ಏಪ್ರಿಲ್‌ವರೆಗೆ ಇಲ್ಲದ ತೆರಿಗೆ ಈಗ ಯಾಕೆ ಬಂತು ಅಂತ ನಿಮಗೆ ಅನ್ನಿಸಿರಬಹುದು. ಬ್ರಿಟನ್ನಿನಲ್ಲಿ ವರ್ಷಕ್ಕೆ 12,570 ಪೌಂಡ್‌ವರೆಗೆ ತೆರಿಗೆ ಇಲ್ಲ. ನಿಮ್ಮ ಕಂಪನಿ ಪೆನ್ಷನ್ ವರ್ಷಕ್ಕೆ 8,400, ಆ ಮಿತಿಯ ಒಳಗೇ ಇತ್ತು. ಸ್ಟೇಟ್ ಪೆನ್ಷನ್ ವರ್ಷಕ್ಕೆ 10,140 ಪೌಂಡ್ ಬಂದದ್ದೇ ತಡ, ಮಿತಿಯಲ್ಲಿ ಉಳಿದದ್ದು 2,430 ಮಾತ್ರ. ಸ್ಟೇಟ್ ಪೆನ್ಷನ್ ಕೊಡುವವರು ಅದರಲ್ಲಿ ತೆರಿಗೆ ಮುರಿಯುವುದಿಲ್ಲ. ಮಿಕ್ಕ 5,970ರ ಮೇಲೆ 20% ಅಂದರೆ 1,194 ಪೌಂಡ್. ಅದನ್ನು ಕಂಪನಿ ಪೆನ್ಷನ್‌ನಿಂದ ತಿಂಗಳು ತಿಂಗಳು ಎತ್ತಿಕೊಳ್ಳುತ್ತಾರೆ.

ಈಗ ಗಮನವಿಟ್ಟು ಓದಿ. ಈ 1,194 ಪೌಂಡನ್ನು ಇಲ್ಲಿಯ ತೆರಿಗೆಯಲ್ಲಿ ಕಳೆದುಕೊಂಡರಾಯಿತು ಅಂತ ಯಾರಾದರೂ ಹೇಳುತ್ತಾರೆ. ಫಾರ್ಮ್ 67 ಹಾಕಿ ವಿದೇಶಿ ತೆರಿಗೆ ಕಳೆಯುವ ದಾರಿ ಇದೆ, ನಿಜ. ಆದರೆ ಅದು ಒಪ್ಪಂದದ ಪ್ರಕಾರ ಅಲ್ಲಿ ಕಟ್ಟಲೇಬೇಕಾದ ತೆರಿಗೆಗೆ. ತಪ್ಪಾಗಿ ಮುರಿದ ತೆರಿಗೆಯನ್ನು ಮುರಿದವರಿಂದಲೇ ವಾಪಸ್ ಪಡೆಯಬೇಕು. ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. 2019ರಲ್ಲಿ ಹಾಸನದ ಒಬ್ಬ ಹಿರಿಯರಿಗೆ ಫಾರ್ಮ್ 67 ತುಂಬಿ ಕಳೆದುಕೊಟ್ಟೆ. ಇಲಾಖೆ ಒಪ್ಪಲಿಲ್ಲ. ತೆರಿಗೆ, ಬಡ್ಡಿ ಎರಡೂ ಕಟ್ಟಬೇಕಾಯಿತು. ಅಷ್ಟರಲ್ಲಿ ಬ್ರಿಟನ್ನಿನಿಂದ ವಾಪಸ್ ಕೇಳುವ 4 ವರ್ಷದ ಗಡುವಿನಿಂದ ಒಂದು ವರ್ಷದ ಹಣ ಜಾರಿಹೋಗಿತ್ತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಆ ಹಣ ಮಾತ್ರ ಬರಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀವು ಮಾಡಬೇಕಾದ್ದು ಹೀಗೆ. ಮೊದಲು ಮೈಸೂರಿನ ಆದಾಯ ತೆರಿಗೆ ಕಚೇರಿಗೆ ಫಾರ್ಮ್ 10ಎಫ್‌ಎ ಅರ್ಜಿ ಕೊಡಿ. ನೀವು ಭಾರತದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರವನ್ನು 10ಎಫ್‌ಬಿ ಯಲ್ಲಿ ಕೊಡುತ್ತಾರೆ. ಬ್ರಿಟನ್ನಿನ ತೆರಿಗೆ ಇಲಾಖೆಯ 'ಡಿಟಿ ಇಂಡಿವಿಜುವಲ್' ಎಂಬ ಫಾರ್ಮ್ ಅವರ ವೆಬ್‌ಸೈಟಿನಲ್ಲೇ ಇದೆ. ಅದನ್ನು ತುಂಬಿ, ಈ ಪ್ರಮಾಣಪತ್ರದ ಜೊತೆ ಕಳುಹಿಸಿ. ಇದುವರೆಗೆ ಮುರಿದದ್ದನ್ನು ವಾಪಸ್ ಕೇಳುವುದಕ್ಕೂ, ಮುಂದೆ ಮುರಿಯದಿರುವುದಕ್ಕೂ ಅದೇ ಫಾರ್ಮ್. ಅವರು ಒಪ್ಪಿದರೆ ನಿಮ್ಮ ಪೆನ್ಷನ್‌ಗೆ 'ಎನ್‌ಟಿ' ಎಂಬ ಕೋಡ್ ಬರುತ್ತದೆ. ಪೆನ್ಷನ್ ಚೀಟಿಯಲ್ಲಿ ಆ ಎರಡು ಅಕ್ಷರ ಕಂಡ ದಿನ ಕೆಲಸ ಆಯಿತು ಅಂತ ತಿಳಿಯಿರಿ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಧೃತಿಗೆಡಬೇಡಿ. 2025-26ರ ಹಣ ಕೇಳಲು 2030ರ ಏಪ್ರಿಲ್ 5ರವರೆಗೆ ಸಮಯವಿದೆ.

ಇಲ್ಲಿ ಎಷ್ಟು ಕಟ್ಟಬೇಕಾಗುತ್ತದೆ? ಲೆಕ್ಕ ಸುಲಭವಾಗಲಿ ಅಂತ ಪೌಂಡಿಗೆ 115 ರೂಪಾಯಿ ಹಿಡಿಯುತ್ತೇನೆ. ಕಂಪನಿ ಪೆನ್ಷನ್ 9,66,000, ಸ್ಟೇಟ್ ಪೆನ್ಷನ್ 11,66,100. ಕಂಪನಿ ಪೆನ್ಷನ್ ಸಂಬಳದ ತಲೆಬರಹದಲ್ಲಿ ಬರುವುದರಿಂದ ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಸ್ಟೇಟ್ ಪೆನ್ಷನ್ ಕೊಡುವುದು ನಿಮ್ಮ ಕಂಪನಿ ಅಲ್ಲವಲ್ಲ, ಅದನ್ನು ನಾನು ಇತರ ಮೂಲದ ಆದಾಯ ಅಂತಲೇ ತೋರಿಸುತ್ತೇನೆ. ಉಳಿದದ್ದು 20,57,100. ಎಫ್‌ಡಿ ಬಡ್ಡಿ ಬಿಟ್ಟು, ಸೆಸ್ ಸೇರಿ ತೆರಿಗೆ ಸುಮಾರು 2,22,800 ರೂಪಾಯಿ. ದೊಡ್ಡ ಮೊತ್ತವೇ. ಆದ್ದರಿಂದಲೇ ಈಗಲೇ ಎತ್ತಿಡಿ ಅನ್ನುತ್ತಿದ್ದೇನೆ. ವ್ಯಾಪಾರದ ಆದಾಯ ಇಲ್ಲದ, 60 ದಾಟಿದ ನಿವಾಸಿಗಳು ಮುಂಗಡ ತೆರಿಗೆ ಕಟ್ಟಬೇಕಿಲ್ಲ. 2026ರ ಜುಲೈ 31ರೊಳಗೆ ರಿಟರ್ನ್ಸ್ ಹಾಕುವಾಗ ಒಟ್ಟಿಗೆ ಕಟ್ಟಿದರೆ ಸಾಕು. ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗುವುದು 2026ರ ಏಪ್ರಿಲ್ 1ರಿಂದ. ಆದರೂ ನಿಮ್ಮ ಈ ಸಾಲಿನ ಲೆಕ್ಕ 1961ರ ಹಳೆಯ ಕಾಯ್ದೆಯಲ್ಲೇ.

ನಿಜವಾದ ಲೆಕ್ಕದಲ್ಲಿ ಪೌಂಡಿನ ದರ ನಿಮ್ಮಿಷ್ಟದ್ದಲ್ಲ. ನೀವು ಹಣ ತರಿಸಿದ ದಿನದ ದರವೂ ಅಲ್ಲ. ಕಂಪನಿ ಪೆನ್ಷನ್‌ಗೆ ಅದು ಸಲ್ಲುವ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ ಎಸ್‌ಬಿಐ ಹೇಳಿದ ಟಿಟಿ ಬೈಯಿಂಗ್ ದರ (ಬ್ಯಾಂಕು ವಿದೇಶಿ ಹಣ ಕೊಳ್ಳುವ ದರ). ಇತರ ಮೂಲದ್ದಕ್ಕೆ ಮಾರ್ಚ್ 31ರ ದರ. ಇನ್ನೊಂದು ತೊಡಕು: ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಏಪ್ರಿಲ್ 5, ನಮ್ಮದು ಏಪ್ರಿಲ್ 1ರಿಂದ ಮಾರ್ಚ್ 31. ಹಾಗಾಗಿ ವರ್ಷದ ಕೊನೆಗೆ ಕಂಪನಿ ಕಳಿಸುವ ಪಿ60 ಎಂಬ ವಾರ್ಷಿಕ ಚೀಟಿ ಒಂದನ್ನೇ ನಂಬಬೇಡಿ. ತಿಂಗಳ ಚೀಟಿಗಳೂ ಬೇಕು.

ರಿಟರ್ನ್ಸಿನ ಸರಳ ಫಾರ್ಮ್ ಐಟಿಆರ್-1 ನಿಮಗೆ ನಡೆಯುವುದಿಲ್ಲ, ಐಟಿಆರ್-2 ಹಾಕಬೇಕು. ಅದರಲ್ಲಿ ಶೆಡ್ಯೂಲ್ ಎಫ್‌ಎ ಅಂತ ಒಂದು ಪಟ್ಟಿ ಇದೆ. ಹೊರದೇಶದ ಆಸ್ತಿ, ಖಾತೆಗಳನ್ನು ಅಲ್ಲಿ ಬರೆಯಬೇಕು. ಅದು ಮಾತ್ರ ಜನವರಿಯಿಂದ ಡಿಸೆಂಬರ್ ಲೆಕ್ಕ. ಅಂದರೆ 2025ರ ಡಿಸೆಂಬರ್ 31ಕ್ಕೆ ನಿಮ್ಮ ಇಂಗ್ಲೆಂಡಿನ ಖಾತೆಯಲ್ಲಿ ಎಷ್ಟಿತ್ತು, ವರ್ಷದಲ್ಲಿ ಅತಿ ಹೆಚ್ಚು ಎಷ್ಟಿತ್ತು ಎರಡೂ ಬೇಕು. ಸ್ಟೇಟ್‌ಮೆಂಟ್ ಜನವರಿಯಲ್ಲೇ ಇಳಿಸಿಕೊಂಡು ಇಟ್ಟುಕೊಳ್ಳಿ. ಹೆಂಡತಿಯ ಹೆಸರೂ ಆ ಖಾತೆಯಲ್ಲಿದ್ದರೆ ಅವರದ್ದೂ ಹಾಗೇ.

ಮೈಸೂರಿನ ಬ್ಯಾಂಕಿಗೇ ಹಾಕಿಸಿಕೊಳ್ಳಬಹುದಾ ಅಂದಿರಿ. ಈಗ ಧಾರಾಳವಾಗಿ. ನೀವು ಪೂರ್ತಿ ನಿವಾಸಿ ಆದ್ದರಿಂದ ಎಲ್ಲಿ ಬಿದ್ದರೂ ತೆರಿಗೆ ಒಂದೇ. ಆದರೆ ಇದನ್ನು ಓದುತ್ತಿರುವವರಲ್ಲಿ ಈಚೆಗೆ ವಾಪಸಾದವರು ಇದ್ದರೆ ಆತುರ ಮಾಡಬೇಡಿ. ಆರ್‌ಎನ್‌ಒಆರ್ ಕಾಲದಲ್ಲಿ ಪೆನ್ಷನ್ ಮೊದಲ ಸಲ ಕೈಸೇರುವುದೇ ಭಾರತದ ಖಾತೆಯಲ್ಲಾದರೆ ಆ ಕಾರಣಕ್ಕೇ ಇಲ್ಲಿ ತೆರಿಗೆ ಬರುತ್ತದೆ. ಅಲ್ಲಿ ಬಿದ್ದು ಆಮೇಲೆ ಇಲ್ಲಿಗೆ ಬಂದರೆ ಬರುವುದಿಲ್ಲ. ಪೌಂಡನ್ನು ಪೌಂಡಾಗಿಯೇ ಇಟ್ಟುಕೊಳ್ಳುವ ಆಸೆ ಇದ್ದರೆ ಆರ್‌ಎಫ್‌ಸಿ ಖಾತೆ ತೆರೆಯಿರಿ. ಹಳೆಯ ಎನ್‌ಆರ್‌ಇ ಖಾತೆ ಇನ್ನೂ ಹಾಗೇ ಇದ್ದರೆ ಬ್ಯಾಂಕಿಗೆ ಹೋಗಿ ಬದಲಾಯಿಸಿ. ಅನಿವಾಸಿಗಳಿಗೆ ಇರುವ ಖಾತೆ ಅದು, ನಿವಾಸಿ ಆದವರು ಮುಂದುವರಿಸುವಂತಿಲ್ಲ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ವಾರಕ್ಕೆ 195 ಪೌಂಡ್ ನಿಮಗೆ ಏರದೆ ಅಷ್ಟೇ ಇರುತ್ತದೆ. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಪೂರ್ತಿ ಸ್ಟೇಟ್ ಪೆನ್ಷನ್ 221.20ರಿಂದ 230.25 ಪೌಂಡಿಗೆ ಏರಿತು. ಅಮೆರಿಕದಲ್ಲಿ, ಫಿಲಿಪೀನ್ಸ್‌ನಲ್ಲಿ ನೆಲೆಸಿದವರಿಗೂ ಏರುತ್ತದೆ. ಭಾರತದಲ್ಲಿ ನೆಲೆಸಿದವರಿಗೆ ಏರುವುದಿಲ್ಲ. ಕೆನಡಾ, ಆಸ್ಟ್ರೇಲಿಯಾದವರದ್ದೂ ಇದೇ ಪಾಡು. ಅಲ್ಲಿ 31 ವರ್ಷ ದುಡಿದು ವಂತಿಗೆ ಕಟ್ಟಿದವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. 80 ವರ್ಷ ಆದಾಗಲೂ ಇದೇ 195 ಅಂತ ಇಟ್ಟುಕೊಂಡು ಮನೆಖರ್ಚಿನ ಯೋಜನೆ ಮಾಡಿ.

ಕೊನೆಗೆ ನಿಮ್ಮ ಹೆಂಡತಿಯ ವಿಷಯ. ನನ್ನ ಸೋದರಮಾವ ಲೆಸ್ಟರ್‌ನಲ್ಲಿ ಇದ್ದು ಬಂದವರು. ಪೆನ್ಷನ್ ಕಾಗದಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಮಡಿಸಿ ಇಡುತ್ತಿದ್ದರು. ಅವರು ತೀರಿಕೊಂಡಾಗ ಅತ್ತೆಗೆ ಡಬ್ಬಿ ಎಲ್ಲಿದೆ ಅಂತ ಗೊತ್ತಿತ್ತು, ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಯಾರಿಗೆ ಬರೆಯಬೇಕು, ಯಾವ ನಂಬರ್ ಹಾಕಬೇಕು ತಿಳಿಯದೆ 4 ತಿಂಗಳು ಹೋಯಿತು. ಅಷ್ಟರಲ್ಲಿ ಮಾವನ ಹೆಸರಿಗೆ ಹಣ ಬೀಳುತ್ತಲೇ ಇತ್ತು. ಅದನ್ನೆಲ್ಲ ವಾಪಸ್ ಕಟ್ಟುವಾಗ ಅತ್ತೆ ಅತ್ತದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ನಿಮ್ಮ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಪೆನ್ಷನ್ ಕೊಡುವವರ ವಿಳಾಸ, ನಿಮ್ಮ ನಂತರ ಹೆಂಡತಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಿ. ಬದುಕಿದ್ದೀರಾ ಎಂದು ಕೇಳುವ ಲೈಫ್ ಸರ್ಟಿಫಿಕೇಟ್ ಕಾಗದ ಅಂಚೆಯಲ್ಲಿ ಬಂದಾಗ ಅದನ್ನು ಬದಿಗಿಡಬೇಡಿ. ಸಹಿ ಮಾಡಿಸಿ ಕಳಿಸದಿದ್ದರೆ ಪೆನ್ಷನ್ ನಿಂತುಹೋಗುತ್ತದೆ.

ಪ್ರಶ್ನೆ: ನಾವಿಬ್ಬರೂ ನ್ಯೂಜೆರ್ಸಿಯಲ್ಲಿ 22 ವರ್ಷ ಇದ್ದು, ಗ್ರೀನ್ ಕಾರ್ಡ್ ಬಿಟ್ಟುಕೊಟ್ಟು 2019ರಲ್ಲಿ ಧಾರವಾಡಕ್ಕೆ ಬಂದೆವು. ಪಾಸ್‌ಪೋರ್ಟ್ ಭಾರತದ್ದೇ. ಯಜಮಾನರಿಗೆ ಅಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಪೆನ್ಷನ್ ಹಣದಲ್ಲಿ ಅಮೆರಿಕದವರು 25.5% ಮುರಿಯುತ್ತಾರೆ. ಹೋದ ವರ್ಷದ್ದಕ್ಕೆ ಇಲ್ಲಿಯ ಆಡಿಟರ್ ಅದರ ಮೇಲೂ ತೆರಿಗೆ ಕಟ್ಟಿಸಿದ್ದಾರೆ. ಕೆಲಸದಲ್ಲಿದ್ದಾಗ ಕೂಡಿಟ್ಟ 401(ಕೆ) ನಿವೃತ್ತಿ ಗಂಟು ಮುಟ್ಟದೆ ಹಾಗೇ ಇದೆ. ಸರಿಯಾ?
– ಓದುಗರು, ಧಾರವಾಡ

ಉತ್ತರ: ಮೇಡಂ, ನಿಮ್ಮದು ಮೇಲಿನ ಪತ್ರದ ಉಲ್ಟಾ. ಅಮೆರಿಕದ ಒಪ್ಪಂದದಲ್ಲಿ ಸೋಷಿಯಲ್ ಸೆಕ್ಯುರಿಟಿಗೆ ತೆರಿಗೆ ಹಾಕುವ ಹಕ್ಕು ಅದನ್ನು ಕೊಡುವ ದೇಶಕ್ಕೆ ಮಾತ್ರ. ಆ 25.5% ಸರಿಯಾಗಿಯೇ ಮುರಿದಿದ್ದಾರೆ: ಹಣದ 85%ರ ಮೇಲೆ 30%. ಇಲ್ಲಿ ಮತ್ತೆ ಕಟ್ಟಬೇಕಿರಲಿಲ್ಲ. ಹಾಗಂತ ಮುಚ್ಚಿಡುವುದೂ ಬೇಡ. ಒಪ್ಪಂದದ ಪ್ರಕಾರ ತೆರಿಗೆ ಇಲ್ಲದ ಆದಾಯ ಎಂದು ರಿಟರ್ನ್ಸಿನ ಶೆಡ್ಯೂಲ್ ಇಐ ಎಂಬ ಪಟ್ಟಿಯಲ್ಲಿ ತೋರಿಸಬೇಕು. 2024-25ರ ರಿಟರ್ನ್ಸನ್ನು 2025ರ ಡಿಸೆಂಬರ್ 31ರೊಳಗೆ ತಿದ್ದಿ ಹಾಕಿದರೆ ಕಟ್ಟಿದ್ದು ವಾಪಸ್ ಬರುತ್ತದೆ. ಈ ವಾರವೇ ಆಡಿಟರ್ ಹತ್ತಿರ ಹೋಗಿ.

401(ಕೆ) ಬೇರೆ ಕಥೆ. ಅದು ಖಾಸಗಿ ಪೆನ್ಷನ್, ತೆರಿಗೆ ನೀವು ವಾಸವಿರುವ ಭಾರತದಲ್ಲಿ. ಗಂಟು ವರ್ಷವರ್ಷ ಬೆಳೆದದ್ದಕ್ಕೂ ಇಲ್ಲಿ ಕಟ್ಟಬೇಕೇನೋ ಎಂಬ ಸಂಕಟ ಮೊದಲಿತ್ತು. ಆದಾಯ ತೆರಿಗೆ ಕಾಯ್ದೆಗೆ 89ಎ ಕಲಂ ಬಂದ ಮೇಲೆ ಫಾರ್ಮ್ 10-ಇಇ ಕೊಟ್ಟರೆ ತೆಗೆದ ವರ್ಷ ಮಾತ್ರ ತೆರಿಗೆ. ಅಮೆರಿಕ, ಬ್ರಿಟನ್, ಕೆನಡಾ ಮೂರಕ್ಕೂ ಈ ಅನುಕೂಲ ಇದೆ. ರಿಟರ್ನ್ಸಿನ ಕೊನೆಯ ದಿನದೊಳಗೆ ಅದನ್ನು ಕೊಡಬೇಕು, ಒಮ್ಮೆ ಆರಿಸಿದರೆ ಹಿಂದೆ ಸರಿಯುವಂತಿಲ್ಲ. ತೆಗೆಯುವಾಗ ನೀವು ಅಮೆರಿಕದ ನಿವಾಸಿ ಅಲ್ಲ ಎಂದು ತಿಳಿಸುವ ಡಬ್ಲ್ಯೂ-8ಬೆನ್ ಫಾರ್ಮ್ ಕೊಡಿ, ಇಲ್ಲದಿದ್ದರೆ ಅಲ್ಲಿ 30% ಮುರಿಯುತ್ತಾರೆ. ಒಂದೇ ಸಲ ಪೂರ್ತಿ ತೆಗೆಯಬೇಡಿ. ಒಪ್ಪಂದದಲ್ಲಿ ಪೆನ್ಷನ್ ಅಂದರೆ ಕಾಲಕಾಲಕ್ಕೆ ಬರುವ ಹಣ ಎಂದಿದೆ, ಕಂತಿನಲ್ಲಿ ತೆಗೆದರೆ ನಿಮ್ಮ ಮಾತಿಗೆ ಬಲ ಇರುತ್ತದೆ.

ಪ್ರಶ್ನೆ: ಇಂಗ್ಲೆಂಡಿನ ಖಾಸಗಿ ನರ್ಸಿಂಗ್ ಹೋಮಿನಲ್ಲಿ ದುಡಿದು 2018ರಲ್ಲಿ ಊರಿಗೆ ಬಂದೆ. ಅಲ್ಲಿನ ಬ್ಯಾಂಕ್ ಖಾತೆಗೆ ತಿಂಗಳಿಗೆ 120 ಪೌಂಡ್ ಪೆನ್ಷನ್ ಬೀಳುತ್ತದೆ, ಒಟ್ಟು ಸುಮಾರು 6 ಲಕ್ಷ ರೂಪಾಯಿ ಸೇರಿದೆ. ಇಲ್ಲಿಯ ಬಾಡಿಗೆ ಆದಾಯಕ್ಕೆ ಐಟಿಆರ್-1 ಹಾಕಿ ತೆರಿಗೆ ಕಟ್ಟುತ್ತಿದ್ದೆ. ಈಗ ಇಲಾಖೆಯಿಂದ ವಿದೇಶಿ ಆಸ್ತಿ ಬಗ್ಗೆ ಮೆಸೇಜ್ ಬಂದಿದೆ. 10 ಲಕ್ಷ ದಂಡ ಅಂತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.
– ಓದುಗರು, ಉಡುಪಿ

ಉತ್ತರ: ಅಮ್ಮಾ, ನಿದ್ದೆ ಮಾಡಿ. ನಿಮ್ಮನ್ನು ಹಿಡಿಯಲು ಬಂದ ಮೆಸೇಜ್ ಅಲ್ಲ ಅದು, ತಿದ್ದಿಕೊಳ್ಳಿ ಎಂದು ಹೇಳಲು ಬಂದದ್ದು. ಬ್ರಿಟನ್ ಸೇರಿ ಹಲವು ದೇಶಗಳು ಬ್ಯಾಂಕ್ ಖಾತೆಗಳ ವಿವರವನ್ನು ಪ್ರತಿ ವರ್ಷ ಭಾರತಕ್ಕೆ ತಾವಾಗಿಯೇ ಕಳಿಸುತ್ತವೆ. ನಿಮ್ಮ ಖಾತೆ ಹಾಗೆ ಕಂಡಿದೆ. 10 ಲಕ್ಷದ ದಂಡ 2015ರ ಕಪ್ಪುಹಣ ಕಾಯ್ದೆಯದ್ದು. 2024ರ ಅಕ್ಟೋಬರ್ 1ರಿಂದ, ಮನೆ ಜಮೀನು ಬಿಟ್ಟು ಉಳಿದ ವಿದೇಶಿ ಆಸ್ತಿಯ ಒಟ್ಟು ಬೆಲೆ 20 ಲಕ್ಷ ದಾಟದವರಿಗೆ ಆ ದಂಡ ಇಲ್ಲ. ನಿಮ್ಮದು 6 ಲಕ್ಷ.

ದಂಡ ಇಲ್ಲ ಅಂದರೆ ಹೇಳುವುದೂ ಬೇಡ ಅಂತಲ್ಲ. 2024-25ರ ರಿಟರ್ನ್ಸನ್ನು ಐಟಿಆರ್-2ರಲ್ಲಿ ತಿದ್ದಿ, ಪೆನ್ಷನ್ನನ್ನೂ ಅಲ್ಲಿ ಬಂದ ಬಡ್ಡಿಯನ್ನೂ ಸೇರಿಸಿ 2025ರ ಡಿಸೆಂಬರ್ 31ರೊಳಗೆ ಹಾಕಿ. ಶೆಡ್ಯೂಲ್ ಎಫ್‌ಎ ಯಲ್ಲಿ 2024ರ ಜನವರಿಯಿಂದ ಡಿಸೆಂಬರ್‌ವರೆಗಿನ ಖಾತೆ ವಿವರ ಬರೆಯಿರಿ. ಹಿಂದಿನ ವರ್ಷಗಳಿಗೆ ಐಟಿಆರ್-ಯು ಎಂಬ, ತಡವಾಗಿ ತಿದ್ದಿ ಹಾಕುವ ರಿಟರ್ನ್ಸ್ ಇದೆ, 4 ವರ್ಷದವರೆಗೆ ಹಿಂದೆ ಹೋಗಬಹುದು. ತಡ ಮಾಡಿದಷ್ಟೂ ತೆರಿಗೆ, ಬಡ್ಡಿಯ ಮೇಲೆ ಕಟ್ಟಬೇಕಾದ ಹೆಚ್ಚುವರಿ 25%ರಿಂದ 70%ವರೆಗೆ ಏರುತ್ತದೆ. ಆದ್ದರಿಂದ ಹೊಸ ವರ್ಷಗಳಿಂದ ಶುರು ಮಾಡಿ ಒಂದೊಂದಾಗಿ ಹಿಂದಕ್ಕೆ ಹೋಗಿ. ನೀವು ಬಂದಾಗಿನ ಆರ್‌ಎನ್‌ಒಆರ್ ವರ್ಷಗಳನ್ನು ಮೊದಲು ಎಣಿಸಿ ಬಿಟ್ಟುಬಿಡಿ, ಅವಕ್ಕೆ ಕಟ್ಟಬೇಕಿಲ್ಲ. ಉಡುಪಿಯಲ್ಲೇ ಈ ಕೆಲಸ ಗೊತ್ತಿರುವ ಆಡಿಟರುಗಳಿದ್ದಾರೆ. ಹೋಗುವಾಗ ಪಾಸ್‌ಪೋರ್ಟ್, ಇಂಗ್ಲೆಂಡಿನ ಬ್ಯಾಂಕ್ ಸ್ಟೇಟ್‌ಮೆಂಟ್, ಪೆನ್ಷನ್ ಚೀಟಿ, ಆ ಮೆಸೇಜ್ ಬಂದ ಫೋನ್ ಎಲ್ಲ ಜೊತೆಗೆ ತೆಗೆದುಕೊಂಡು ಹೋಗಿ.